ಕುಡಿತದ ಮನೆಯ ಮಕ್ಕಳು ಮತ್ತು ಕಸುಬಿನ ಆಯ್ಕೆ: ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ಒಂದು ಸಂಶೋಧನಾ ಟಿಪ್ಪಣಿ

ಅಪ್ಪನ ಕುಡಿತ ಕಂಡು ಬೆಳೆದ ಹುಡುಗಿ ಮುಂದೆ ಅಂಥವರನ್ನೇ ಉಪಚರಿಸುವ ಕೆಲಸಕ್ಕೆ ಹೋಗುತ್ತಾಳೆ. ಅಣ್ಣ ಗಾಂಜಾಕ್ಕೆ ಬಿದ್ದುದನ್ನು ಕಂಡ ಹುಡುಗ ಪೊಲೀಸ್ ಆಗುತ್ತೇನೆ ಎನ್ನುತ್ತಾನೆ. ನೋವೇ ಗುರಿಯಾಯಿತು ಎಂಬ ಈ ವಿವರಣೆ ಪ್ರವೇಶ ಸಂದರ್ಶನಗಳಲ್ಲಿ, ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ, ಪತ್ರಿಕೆಗಳ ಸಾಧಕರ ಪರಿಚಯಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ವಿವರಣೆ ಸುಳ್ಳಲ್ಲ, ಆದರೆ ಸಾಲದು. ಒಂದೇ ಬೀದಿಯ, ಒಂದೇ ತೆರನ ಮನೆಗಳಿಂದ ಬಂದ ಮೂವರಲ್ಲಿ ಒಬ್ಬಳು ನರ್ಸಿಂಗ್ ಸೇರಬಹುದು, ಇನ್ನೊಬ್ಬಳು ಎಫ್‌ಡಿಎ ಪರೀಕ್ಷೆಗೆ ಓದಬಹುದು, ಮೂರನೆಯವನು ಪಿಯುಸಿಗೇ ನಿಲ್ಲಿಸಿ ವಸಂತನರಸಾಪುರದ ಕಾರ್ಖಾನೆಗೆ ಹೋಗಬಹುದು. ನೋವು ಒಂದೇ ಆಗಿದ್ದರೆ ದಾರಿಗಳು ಬೇರೆಯಾದದ್ದು ಹೇಗೆ?

ಈ ಟಿಪ್ಪಣಿಯ ಪ್ರತಿಪಾದನೆ ಇಷ್ಟು: ಚಟದ ಮನೆಯಲ್ಲಿ ಬೆಳೆದ ವಿದ್ಯಾರ್ಥಿಯ ಗುರಿಗೆ ರೂಪ ಕೊಡುವುದರಲ್ಲಿ ಎರಡು ಸಂಗತಿಗಳು ನೋವಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕೆಲಸ ಮಾಡುತ್ತವೆ. ಆ ಮಗು ಮನೆಯಲ್ಲಿ ಆಗಲೇ ಯಾವ ಕೆಲಸ ಹೊತ್ತುಕೊಂಡಿತ್ತು ಎಂಬುದು ಒಂದು. ಕಷ್ಟದ ಹೊತ್ತಿನಲ್ಲಿ ಆ ಮನೆಯ ಬಾಗಿಲಿಗೆ ಬಂದವರು ಯಾರು ಎಂಬುದು ಇನ್ನೊಂದು. ಇಲ್ಲಿ ಯಾವ ವಿದ್ಯಾರ್ಥಿಯ ಸಂದರ್ಶನವನ್ನೂ ಬಳಸಿಲ್ಲ. ಪ್ರಕಟವಾದ ಅಧ್ಯಯನಗಳು, ಕಾನೂನು, ಸರ್ಕಾರಿ ಯೋಜನೆಗಳು ಮತ್ತು ಈ ಮೂರು ಊರುಗಳ ಶಿಕ್ಷಣ, ಸಾರಿಗೆ, ಆರೋಗ್ಯ ಸೌಲಭ್ಯಗಳನ್ನು ಒಟ್ಟಿಗೆ ಇಟ್ಟು, ಮುಂದೆ ಪರೀಕ್ಷಿಸಬಹುದಾದ ಒಂದು ಊಹೆಯನ್ನು ಕಟ್ಟುವ ಯತ್ನ ಇದು.

ಮೊದಲು ಸಮಸ್ಯೆಯ ಗಾತ್ರ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಶೇ. 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಇವರಲ್ಲಿ 5.7 ಕೋಟಿಯಷ್ಟು ಜನರ ಕುಡಿತ ಅವರಿಗೆ ತೊಂದರೆ ತರುವ ಮಟ್ಟದ್ದು. ಮದ್ಯ ಸೇವಿಸುವವರ ಪಾಲು ಗಂಡಸರಲ್ಲಿ ಶೇ. 27ರಷ್ಟು, ಹೆಂಗಸರಲ್ಲಿ ಶೇ. 2ಕ್ಕೂ ಕಡಿಮೆ. ಆದರೆ ನಮ್ಮ ಪ್ರಶ್ನೆಗೆ ಇವೆಲ್ಲಕ್ಕಿಂತ ಮುಖ್ಯವಾದ ಅಂಕಿ ಅದೇ ವರದಿಯಲ್ಲಿ ಬೇರೊಂದಿದೆ. ಮದ್ಯದ ಅವಲಂಬನೆ ಇರುವ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸಿಕ್ಕಿದ್ದು 180 ಮಂದಿಯಲ್ಲಿ ಒಬ್ಬರಿಗೆ. ಈ ಅಂಕಿಯನ್ನು ಮಕ್ಕಳ ಕಡೆಯಿಂದ ಓದಿದರೆ ಬೇರೊಂದು ಅರ್ಥ ಹೊರಡುತ್ತದೆ. ಕುಡಿತದ ಮನೆಯಲ್ಲಿ ಬೆಳೆಯುವ ಬಹುಪಾಲು ಮಕ್ಕಳು ಚಿಕಿತ್ಸೆ ಕೊಡುವ ಮನುಷ್ಯನನ್ನು ಕಣ್ಣಾರೆ ಕಂಡೇ ಇರುವುದಿಲ್ಲ. ಕಾಣದ ಕಸುಬನ್ನು ಮಗು ಬಯಸುವುದು ಹೇಗೆ?

ಇಂದಿನ ಪದವಿ ವಿದ್ಯಾರ್ಥಿಗಳು ಕಂಡ ಕುಡಿತದ ಸ್ವರೂಪವೂ ಅವರ ಅಪ್ಪಂದಿರು ಕಂಡದ್ದಕ್ಕಿಂತ ಬೇರೆ. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿತು. ಆ ವರ್ಷ ಹುಟ್ಟಿದ ಮಗುವಿಗೆ 2025ರಲ್ಲಿ 18 ತುಂಬಿತು. ಅಂದರೆ ಈಗ ಕಾಲೇಜು ಮೆಟ್ಟಿಲು ಹತ್ತುತ್ತಿರುವ ತಲೆಮಾರು ಗುತ್ತಿಗೆದಾರರ ಅಂಗಡಿಯ ಪ್ಯಾಕೆಟ್ ಸಾರಾಯಿಯನ್ನು ಕಂಡಿಲ್ಲ. ಅವರು ಕಂಡದ್ದು ಬಾರ್, ಎಂಎಸ್‌ಐಎಲ್ ಮಳಿಗೆ, 90 ಎಂಎಲ್ ಟೆಟ್ರಾ ಪ್ಯಾಕ್, ಹಳ್ಳಿಯ ಚಿಲ್ಲರೆ ಅಂಗಡಿಯಲ್ಲಿ ಕದ್ದುಮುಚ್ಚಿ ಕೈಬದಲಾಗುವ ಕ್ವಾರ್ಟರ್. ಸಾರಾಯಿ ಹೋಯಿತು, ಆದರೆ ಕುಡಿತಕ್ಕೆ ಹೋಗುವ ಹಣ ಮನೆಗೆ ಮರಳಲಿಲ್ಲ ಎಂಬುದು ಹೆಂಗಸರ ಚಳವಳಿಗಳು ಮತ್ತೆ ಮತ್ತೆ ಎತ್ತಿದ ದೂರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟಾಗ ಅವರ ದಾರಿ ಹಾದುಹೋದದ್ದು ಇದೇ ತುಮಕೂರು ಜಿಲ್ಲೆಯ ಹೆದ್ದಾರಿಯಲ್ಲಿ. ಆ ನಡಿಗೆಯನ್ನು ರಾಜಕೀಯ ಬೇಡಿಕೆಯಾಗಿ ಚರ್ಚಿಸಿದಷ್ಟು, ಅದರಲ್ಲಿದ್ದ ತಾಯಂದಿರ ಮಕ್ಕಳ ಓದಿನ ಪ್ರಶ್ನೆಯಾಗಿ ನಾವು ಚರ್ಚಿಸಲಿಲ್ಲ.

ಈಗ ಮನೆಯೊಳಗಿನ ಕೆಲಸದ ಮಾತು. ಗುಬ್ಬಿ, ಕುಣಿಗಲ್ ಸೀಮೆಯ ಆದಾಯ ತೆಂಗು, ಅಡಿಕೆ, ರಾಗಿ, ಹೈನು ಮತ್ತು ಕೂಲಿಯ ಮೇಲೆ ನಿಂತಿದೆ. ಕಾಯಿ ಕೆಡವುವವನಿಗೆ, ಅಡಿಕೆ ಗೊನೆ ಇಳಿಸುವವನಿಗೆ, ಗಾರೆ ಕೆಲಸದವನಿಗೆ ದುಡ್ಡು ಸಿಗುವುದು ಆಯಾ ದಿನ ಅಥವಾ ಆಯಾ ವಾರ, ಕೈಗೇ. ಅಡಿಕೆ ಸುಲಿಯುವ ತಾಯಿಯ ದುಡ್ಡೂ ಸುಲಿದಷ್ಟಕ್ಕೆ. ಇಂಥ ಮನೆಯಲ್ಲಿ ಕುಡಿತ ಹೊಕ್ಕಾಗ ಹಿರಿಯ ಮಗ ಅಥವಾ ಮಗಳು ಕೆಲವು ಕೆಲಸಗಳನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಬಂದ ದುಡ್ಡಿನಲ್ಲಿ ಸಂಘದ ಕಂತನ್ನು ಮೊದಲು ತೆಗೆದು ಬಚ್ಚಿಡುವುದು. ಅಪ್ಪನ ಹೆಜ್ಜೆಯ ಸದ್ದಿನಿಂದಲೇ ಇವತ್ತು ಎಷ್ಟು ಆಗಿದೆ ಎಂದು ತಿಳಿಯುವುದು. ತಮ್ಮ ತಂಗಿಯರನ್ನು ಊಟ ಮಾಡಿಸಿ ಬೇಗ ಮಲಗಿಸುವುದು. ಸಾಲ ಕೇಳಲು ಬಂದವರಿಗೆ, ನೆಂಟರಿಗೆ, ಮೇಷ್ಟರಿಗೆ ಬೇರೆ ಬೇರೆ ಉತ್ತರ ಹೇಳುವುದು. ಅಪ್ಪನಿಗೆ ಕೈ ನಡುಗಿ ಬೆವರು ಬಂದಾಗ ಆಸ್ಪತ್ರೆಗೆ ಕರೆದೊಯ್ದು ಡಾಕ್ಟರ ಮುಂದೆ ಮನೆಯವರ ಪರವಾಗಿ ಮಾತನಾಡುವುದು.

ಮನೋವಿಜ್ಞಾನ ಇದನ್ನು ಗುರುತಿಸಿದೆ. ಮಗು ಹೆತ್ತವರ ಸ್ಥಾನಕ್ಕೆ ಏರಬೇಕಾದ ಈ ತಿರುವುಮುರುವನ್ನು ಕುಟುಂಬ ಚಿಕಿತ್ಸಕ ಇವಾನ್ ಬೊಸೊರ್ಮೆನಿ ನಾಗಿ ಮತ್ತು ಜೆರಾಲ್ಡಿನ್ ಸ್ಪಾರ್ಕ್ 1973ರಲ್ಲಿ ವಿವರಿಸಿದರು. ಆ ಬರಹಗಳ ಪರಂಪರೆ ಬಹುಮಟ್ಟಿಗೆ ಹಾನಿಯ ಕಡೆಗೇ ನೋಡುತ್ತದೆ, ಅದು ಸರಿಯೂ ಹೌದು. ಬಾಲ್ಯ ಕಳೆದುಕೊಂಡದ್ದನ್ನು ತರಬೇತಿ ಎಂದು ಕರೆದು ಸಮಾಧಾನಪಡುವುದು ಕ್ರೌರ್ಯ. ಆದರೂ ಕಸುಬಿನ ಆಯ್ಕೆಯನ್ನು ಅಧ್ಯಯನ ಮಾಡುವವರು ಇನ್ನೊಂದು ಮುಖವನ್ನೂ ಗುರುತಿಸಬೇಕು. ಹತ್ತು ವರ್ಷ ದುಡ್ಡಿನ ಲೆಕ್ಕ ಹಿಡಿದವಳಿಗೆ ಲೆಕ್ಕದ ಕೆಲಸ ತನ್ನದು ಎನಿಸುತ್ತದೆ. ರೋಗಿಯ ಮೈಯನ್ನು ಹತ್ತಿರದಿಂದ ನೋಡಿದವಳಿಗೆ ಆಸ್ಪತ್ರೆ ಅಪರಿಚಿತವಲ್ಲ. ಜಗಳ ಬಿಡಿಸಿ ಬಿಡಿಸಿ ಅಭ್ಯಾಸವಾದವನಿಗೆ ಕಾನೂನು ಸೆಳೆಯುತ್ತದೆ. ಅಮೆರಿಕದ ವೃತ್ತಿ ಮನೋವಿಜ್ಞಾನಿ ಮಾರ್ಕ್ ಸ್ಯಾವಿಕಾಸ್ ಅವರ ಸಿದ್ಧಾಂತ ಇಲ್ಲಿ ನೆರವಿಗೆ ಬರುತ್ತದೆ. ತಾನು ಕೈಲಾಗದೆ ಅನುಭವಿಸಿದ್ದನ್ನು ಮನುಷ್ಯ ಮುಂದೆ ತನ್ನ ಹಿಡಿತದಲ್ಲಿ ಇಟ್ಟುಕೊಂಡು ಮಾಡುವ ಕೆಲಸವಾಗಿ ಮಾರ್ಪಡಿಸಿಕೊಳ್ಳುತ್ತಾನೆ ಎಂಬುದು ಅವರ ನಿಲುವು. ಅವರ ಸಂದರ್ಶನ ಕ್ರಮದ ಮೊದಲ ಪ್ರಶ್ನೆಯೂ ಗಮನಾರ್ಹ: ಚಿಕ್ಕವರಿದ್ದಾಗ ನೀವು ಯಾರನ್ನು ಮೆಚ್ಚಿಕೊಂಡಿದ್ದಿರಿ?

ಗುಬ್ಬಿಯ ಒಂದು ಹಳ್ಳಿಯ ಕುಡಿತದ ಮನೆಗೆ ಆ ಪ್ರಶ್ನೆಯನ್ನು ಒಯ್ದರೆ, ಬಾಗಿಲಿಗೆ ಬರುವವರ ಸಾಲು ಚಿಕ್ಕದು. ಗಲಾಟೆ ಮಿತಿ ಮೀರಿದಾಗ 112ಕ್ಕೆ ಕರೆ ಹೋದರೆ ಪೊಲೀಸರು. ಚುಚ್ಚುಮದ್ದಿಗೋ ಬಾಣಂತಿಗೋ ಬಂದು ಮನೆಯ ಸ್ಥಿತಿಯನ್ನೂ ಅರಿತು ಹೋಗುವ ಆಶಾ ಕಾರ್ಯಕರ್ತೆ. ಹಾಜರಿ ಕಡಿಮೆಯಾದಾಗ ವಿಚಾರಿಸುವ ಮೇಷ್ಟ್ರು. ವಾರದ ಕಂತಿಗೆ ಬರುವ ಸಂಘದವರು ಅಥವಾ ಫೈನಾನ್ಸಿನವರು. ತಾಯಿ ಧೈರ್ಯ ಮಾಡಿದರೆ ಸಾಂತ್ವನ ಕೇಂದ್ರ, ಅಥವಾ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಯ ಹೊಣೆ ಹೊತ್ತ ಸಿಡಿಪಿಒ. ಈ ಸಾಲಿನಲ್ಲಿ ಪೊಲೀಸ್, ಆರೋಗ್ಯ ಕಾರ್ಯಕರ್ತೆ, ಟೀಚರ್, ಸರ್ಕಾರಿ ಅಧಿಕಾರಿ ಇದ್ದಾರೆ. ಮನೋವಿಜ್ಞಾನಿ, ಮನೋವೈದ್ಯಕೀಯ ಸಮಾಜಕಾರ್ಯಕರ್ತೆ ಇಲ್ಲ. ನಮ್ಮ ವಿದ್ಯಾರ್ಥಿಗಳು ಹೇಳುವ ಗುರಿಗಳ ಪಟ್ಟಿಗೂ ಈ ಸಾಲಿಗೂ ಇರುವ ಹೋಲಿಕೆ ಆಕಸ್ಮಿಕವಲ್ಲ ಎಂಬುದು ನನ್ನ ಊಹೆ. ಲಿಂಡಾ ಗಾಟ್‌ಫ್ರೆಡ್ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತವೂ ಇದಕ್ಕೆ ಒಪ್ಪುತ್ತದೆ. ಮಕ್ಕಳು ಮೊದಲು ಕಸುಬುಗಳನ್ನು ಹುಡುಗರದು, ಹುಡುಗಿಯರದು ಎಂದೂ ಆಮೇಲೆ ಮೇಲಿನದು, ಕೆಳಗಿನದು ಎಂದೂ ಬೇರ್ಪಡಿಸಿ ಹಲವನ್ನು ಕೈಬಿಡುತ್ತಾರೆ, ಕೊನೆಗೆ ಕೈಗೆ ಎಟುಕುವುದಕ್ಕೆ ಹೊಂದಿಕೊಳ್ಳುತ್ತಾರೆ ಎನ್ನುತ್ತಾರೆ ಅವರು. ಕಣ್ಣಿಗೇ ಬೀಳದ ಕಸುಬು ಈ ಆಯ್ಕೆಯ ಕಣಕ್ಕೂ ಬರುವುದಿಲ್ಲ.

ಆ ಸಾಲಿಗೆ ಸೇರಿಸಲೇಬೇಕಾದ ಇನ್ನೊಂದು ಕರ್ನಾಟಕದ್ದೇ ಆದ ಪರಂಪರೆ ಇದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ರಾಜ್ಯದ ಊರೂರುಗಳಲ್ಲಿ ನಡೆಸಿಕೊಂಡು ಬಂದಿರುವ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಕಲ್ಯಾಣಮಂಟಪವೋ ಸಮುದಾಯ ಭವನವೋ ಶಿಬಿರದ ಜಾಗ, ಮನೆಯವರನ್ನೂ ಕರೆಸುತ್ತಾರೆ, ಬಿಟ್ಟವರನ್ನು ನವಜೀವನ ಸಮಿತಿಗೆ ಸೇರಿಸಿಕೊಳ್ಳುತ್ತಾರೆ, ನೂರು ದಿನ ದಾಟಿದವರಿಗೆ ಶತದಿನೋತ್ಸವ ಮಾಡುತ್ತಾರೆ. ವೈದ್ಯಕೀಯ ದೃಷ್ಟಿಯಿಂದ ಈ ಶಿಬಿರಗಳ ಫಲವನ್ನು ಬೇರೆಯಾಗಿ ಅಳೆಯಬೇಕು, ಅದು ಈ ಟಿಪ್ಪಣಿಯ ವಿಷಯವಲ್ಲ. ಆದರೆ ಒಂದು ಮಾತು ಹೇಳಬೇಕು. ಊರಿನೆದುರು ಅಪ್ಪ ಹಾರ ಹಾಕಿಸಿಕೊಂಡು ನಿಂತ ದಿನ, ಅದುವರೆಗೆ ಮುಚ್ಚಿಟ್ಟುಕೊಂಡಿದ್ದ ಸಂಗತಿ ಮಗುವಿನ ಪಾಲಿಗೆ ಬಾಯಿಬಿಟ್ಟು ಮಾತನಾಡಬಹುದಾದ ಸಂಗತಿಯಾಗುತ್ತದೆ. ಮಾತನಾಡಬಲ್ಲ ಮಗು ಮಾತ್ರ ಆ ಅನುಭವದಿಂದ ಒಂದು ಗುರಿಯನ್ನು ಹೆಣೆಯಬಲ್ಲುದು. ಮಾರನೆಯ ತಿಂಗಳು ಅಪ್ಪ ಮತ್ತೆ ಕುಡಿದರೆ ಹಾಗೆ ಬಯಲಾದದ್ದೇ ಇಮ್ಮಡಿ ಅವಮಾನವಾಗುವ ಅಪಾಯವೂ ಉಂಟು.

ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸಕರು ತಾಲ್ಲೂಕಿಗೆ ಬರುವ ಒಂದು ದಾರಿ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ಮಾದರಿಯೇ ನಮ್ಮದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ ಅದು ದೇಶಕ್ಕೆ ಹರಡಿತು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ದೊರೆಯಬೇಕೆಂಬುದು ರಾಜ್ಯದ ಏರ್ಪಾಡು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್‌ನ 14416 ಸಹಾಯವಾಣಿ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಹೀಗೆ ಕಾಗದದ ಮೇಲೆ ಕುಡಿತ ಕಾಯಿಲೆಯಾಗಿದೆ. ಊರಿನ ಮಾತಿನಲ್ಲಿ ಅದಿನ್ನೂ ಚಟ, ಅಂದರೆ ನಡತೆಯ ದೋಷ. ಮಗು ಈ ಎರಡರಲ್ಲಿ ಯಾವುದನ್ನು ನಂಬಿ ಬೆಳೆಯಿತು ಎಂಬುದರ ಮೇಲೆ ಅದರ ಗುರಿಯೂ ತಿರುಗುತ್ತದೆ. ದೋಷವೆಂದು ನಂಬಿದ ಮಗ ಶಿಸ್ತಿನ ಕಸುಬುಗಳ ಕಡೆಗೆ, ಕಾಯಿಲೆಯೆಂದು ತಿಳಿದ ಮಗಳು ಆರೈಕೆಯ ಕಸುಬುಗಳ ಕಡೆಗೆ ವಾಲಬಹುದು. ಇದನ್ನು ಪರೀಕ್ಷಿಸಿ ನೋಡುವುದು ಕಷ್ಟವಲ್ಲ. ನಂಬಿಕೆಯ ಪ್ರಶ್ನೆ, ಗುರಿಯ ಪ್ರಶ್ನೆ ಎರಡನ್ನೂ ಒಂದೇ ಪ್ರಶ್ನಾವಳಿಯಲ್ಲಿ ಇಟ್ಟರೆ ಸಾಕು.

ಗುರಿ ಹುಟ್ಟಿದ ಮೇಲೆ ದಾರಿ ಬೇಕು. ವ್ಯಸನದ ಚಿಕಿತ್ಸೆಗೆ ಹೋಗುವೆನೆನ್ನುವ ಕುಣಿಗಲ್ಲಿನ ಹುಡುಗಿಗೆ ಎದುರಾಗುವ ಏಣಿಯ ಮೆಟ್ಟಿಲುಗಳು ಸಮವಾಗಿಲ್ಲ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಶುಲ್ಕ ಭಾರ, ಆದರೆ ಕೊನೆಯಲ್ಲಿ ಕೆಲಸ ಖಚಿತ ಎಂಬ ನಂಬಿಕೆ ಮನೆಯವರಿಗಿದೆ. ಬಿ.ಎ. ಮುಗಿಸಿ ಎಂ.ಎಸ್.ಡಬ್ಲ್ಯು. ಮಾಡುವುದು ಎಟುಕುವ ದಾರಿ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದಲ್ಲೇ ಸಮಾಜಕಾರ್ಯದ ಸ್ನಾತಕೋತ್ತರ ಓದು ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಮಾತ್ರ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೂ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ತರಬೇತಿ ಮುಗಿಸಿ ನೋಂದಣಿ ಮಾಡಿಸಿಕೊಳ್ಳಬೇಕು. ಅದರ ಸೀಟುಗಳು ಕಡಿಮೆ, ಪ್ರವೇಶ ಪರೀಕ್ಷೆಗಳು ಇಂಗ್ಲಿಷಿನಲ್ಲಿ, ಕೇಂದ್ರಗಳು ಬೆಂಗಳೂರು, ಧಾರವಾಡದಂಥ ಕಡೆ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಈ ಕೊನೆಯ ಮೆಟ್ಟಿಲೇ ಗೋಡೆ. ಕುಡಿತದ ಮನೆಯ ಮಾತನ್ನು ಅದರ ನುಡಿಗಟ್ಟಿನಲ್ಲೇ ಕೇಳಬಲ್ಲ ಚಿಕಿತ್ಸಕಿ ಬೇಕಾದ ಕಡೆ, ಆ ನುಡಿಯವಳನ್ನೇ ನಾವು ಹೊರಗಿಡುತ್ತಿದ್ದೇವೆ. ಇದು ನನಗೆ ಅತ್ಯಂತ ಕಳವಳದ ಸಂಗತಿ.

ಸಾರಿಗೆಯನ್ನು ಕಡೆಗಣಿಸಬಾರದು. ಗುಬ್ಬಿ ಬಿ.ಎಚ್. ರಸ್ತೆಯ ಮೇಲೂ ಬೆಂಗಳೂರು-ಅರಸೀಕೆರೆ ರೈಲು ಮಾರ್ಗದ ಮೇಲೂ ಇದೆ, ತುಮಕೂರಿಗೆ ದಿನವೂ ಹೋಗಿಬಂದು ಓದಬಹುದು. ಕುಣಿಗಲ್ಲಿನ ಮುಖ ಬೆಂಗಳೂರಿನ ಕಡೆಗೆ; ಮಂಗಳೂರು ಹೆದ್ದಾರಿ ಮೊದಲೇ ಇತ್ತು, 2017ರಲ್ಲಿ ನೆಲಮಂಗಲದಿಂದ ಶ್ರವಣಬೆಳಗೊಳದ ಮೂಲಕ ಹಾಸನದ ರೈಲೂ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಕುಡಿತದ ಮನೆಯಲ್ಲಿ ಬಸ್ ಚಾರ್ಜು ಎಂದರೆ ಬೆಳಗ್ಗೆ ಅಪ್ಪನ ಜೇಬಿನಿಂದಲೋ ಅಮ್ಮನ ಸೆರಗಿನ ಗಂಟಿನಿಂದಲೋ ಬರಬೇಕಾದ ನಗದು. ಅದು ಇದ್ದ ದಿನ ಕಾಲೇಜು, ಇಲ್ಲದ ದಿನ ಮನೆ. ಆ ನಗದಿನ ಅಗತ್ಯವೇ ಇಲ್ಲವಾದದ್ದು ಇಂಥ ಮನೆಗಳ ಹೆಣ್ಣುಮಕ್ಕಳ ಹಾಜರಿಯನ್ನು ಬದಲಿಸಿದೆಯೇ ಎಂದು ನೋಡಬೇಕಾದ ಅಧ್ಯಯನ ಬಹಳ ಬೆಲೆಯುಳ್ಳದ್ದಾಗುತ್ತದೆ. ಹುಡುಗರಿಗೆ ಬೇರೆ ಬಗೆಯ ಆಸರೆ ಇಲ್ಲಿದೆ. ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ಬೆಳೆಸಿದ ಸಿದ್ಧಗಂಗಾ ಮಠದ ವಿದ್ಯಾರ್ಥಿನಿಲಯ ಸಾವಿರಾರು ಹುಡುಗರಿಗೆ ಜಾತಿ ಕೇಳದೆ ಅನ್ನ, ವಸತಿ, ಓದು ಕೊಡುತ್ತಿದೆ. ಗದ್ದಲದ ಮನೆಯಿಂದ ದೂರ, ನಿಗದಿತ ಹೊತ್ತಿಗೆ ಊಟ, ನಿಗದಿತ ಹೊತ್ತಿಗೆ ಓದು ಎಂಬುದು ಅಂಥ ಮಗುವಿಗೆ ಎಂಥ ನೆಮ್ಮದಿ ಎಂಬುದನ್ನು ಹೊರಗಿನವರು ಊಹಿಸುವುದೇ ಕಷ್ಟ.

ಆಸರೆಯ ಈ ಮಾತಿಗೆ ಹೊರದೇಶದ ದೀರ್ಘ ಅಧ್ಯಯನವೊಂದು ಬಲ ಕೊಡುತ್ತದೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಹಿಂಬಾಲಿಸಿದರು. ಅವರಲ್ಲಿ ಕುಡಿತದ ಅವಲಂಬನೆಯಿದ್ದ ತಂದೆತಾಯಿಯರ 49 ಮಕ್ಕಳ ಬಗ್ಗೆ 1986ರಲ್ಲಿ ಪ್ರತ್ಯೇಕ ಬರಹ ಬಂತು. ಅರ್ಧಕ್ಕಿಂತ ಹೆಚ್ಚು ಮಕ್ಕಳು 18ನೇ ವಯಸ್ಸಿನ ಹೊತ್ತಿಗೆ ಗಂಭೀರ ತೊಂದರೆಗಳಿಲ್ಲದೆ ಬೆಳೆದಿದ್ದರು. ಇಂಥ ಮಕ್ಕಳ ಬದುಕಿನಲ್ಲಿ ಅಕ್ಕರೆಯಿಂದ ನೋಡಿಕೊಂಡ ಒಬ್ಬ ದೊಡ್ಡವರು ಇದ್ದರು ಎಂಬುದು ಆ ಸಂಶೋಧನೆಯುದ್ದಕ್ಕೂ ಕಾಣುವ ಎಳೆ. ಅಜ್ಜಿಯೋ, ಮೇಷ್ಟರೋ, ನೆರೆಯವರೋ, ಯಾರಾದರೂ.

ಗಂಡುಮಕ್ಕಳ ವಿಷಯದಲ್ಲಿ ಇನ್ನೊಂದು ಭಯವೂ ಗುರಿಯೊಳಗೆ ಸೇರಿಕೊಂಡಿರುತ್ತದೆ: ನಾನೂ ಅಪ್ಪನಂತೆಯೇ ಆಗಿಬಿಟ್ಟರೆ? ಈ ಭಯಕ್ಕೆ ವಿಜ್ಞಾನದ ಆಧಾರವಿಲ್ಲದೆ ಇಲ್ಲ. ಅವಳಿ ಮಕ್ಕಳ ಅಧ್ಯಯನಗಳು ಮದ್ಯವ್ಯಸನದ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟನ್ನು ಅನುವಂಶೀಯತೆಗೆ ಹೊಂದಿಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು, ಕುಟುಂಬದಲ್ಲಿ ಮದ್ಯವ್ಯಸನ ದಟ್ಟವಾಗಿದ್ದಷ್ಟೂ ಮೆದುಳಿನ ಪಿ300 ಎಂಬ ವಿದ್ಯುತ್ ಸ್ಪಂದನದ ಪ್ರಮಾಣ ಕಡಿಮೆ ಇರುವುದನ್ನು 1990ರ ದಶಕದಲ್ಲೇ ತೋರಿಸಿದರು. ಆದರೆ ಸಾಧ್ಯತೆ ಎಂದರೆ ವಿಧಿಯಲ್ಲ. ಈ ವ್ಯತ್ಯಾಸವನ್ನು ಹದಿನೆಂಟರ ಹುಡುಗನಿಗೆ ತಿಳಿಯುವಂತೆ, ಅವನು ಕುಡಿಯಲು ಶುರುಮಾಡುವ ಮೊದಲೇ, ಕನ್ನಡದಲ್ಲಿ ಹೇಳುವವರು ಕಾಲೇಜಿನಲ್ಲಿ ಇರಬೇಕು.

ಇಷ್ಟು ಹೇಳಿದರೂ ಆರೈಕೆಯ ಕಸುಬೇ ಇಂಥ ಮಕ್ಕಳ ಸಹಜ ಗುರಿ ಎಂಬ ಭಾವನೆಯನ್ನು ಬಲಪಡಿಸುವುದು ನನ್ನ ಉದ್ದೇಶವಲ್ಲ. ಕುಡಿತದ ಮನೆಯ ಅತಿ ಆಳದ ಅನುಭವ ಬಹುಶಃ ಅನಿಶ್ಚಿತತೆಯದು: ಇವತ್ತು ದುಡ್ಡು ಬರುತ್ತದೋ ಇಲ್ಲವೋ, ರಾತ್ರಿ ನಿದ್ದೆಯೋ ಗಲಾಟೆಯೋ. ಅದಕ್ಕೆ ನೇರವಾದ ಮದ್ದು ತಿಂಗಳ ಸಂಬಳ. ಪಿಡಿಒ, ಎಸ್‌ಡಿಎ, ಕಾನ್‌ಸ್ಟೇಬಲ್, ಬ್ಯಾಂಕ್ ಕ್ಲರ್ಕ್ ಆಗಬೇಕೆನ್ನುವ ಆಸೆಯನ್ನು ಕನಸಿಲ್ಲದ ಆಸೆ ಎಂದು ಮೇಷ್ಟರುಗಳೇ ಹಗುರವಾಗಿ ಕಾಣುವುದುಂಟು. ಅನ್ಯಾಯವಾದ ಮಾತು ಅದು. ಬೆಂಗಳೂರಿನ ಬಡ ಮತ್ತು ಮಧ್ಯಮ ವರ್ಗದ ವಿದ್ಯಾರ್ಥಿಗಳ ನಡುವೆ ದುಡಿದ ವೃತ್ತಿ ಮನೋವಿಜ್ಞಾನಿ ಗಿಡಿಯನ್ ಅರುಳ್‌ಮಣಿ, ಓದನ್ನು ಮುಂದುವರಿಸಿ ಫಲವಿಲ್ಲ, ಬೇಗ ದುಡಿಮೆಗಿಳಿಯಬೇಕು ಎಂಬಂಥ ನಂಬಿಕೆಗಳು ಬಡ ಮನೆಗಳ ಮಕ್ಕಳ ನಿರ್ಧಾರಗಳನ್ನು ಹೇಗೆ ತಿರುಗಿಸುತ್ತವೆ ಎಂಬುದನ್ನು ಅಧ್ಯಯನ ಮಾಡಿದ್ದಾರೆ. ಕುಡಿತದ ಮನೆಯಲ್ಲಿ ಈ ನಂಬಿಕೆ ಬರಿಯ ನಂಬಿಕೆಯಲ್ಲ, ಅಮ್ಮನ ಸಾಲದ ಪುಸ್ತಕದಲ್ಲಿ ಬರೆದಿರುವ ವಾಸ್ತವ. ಅದನ್ನು ಮೀರಿ ಮೂರು ವರ್ಷ ಪದವಿ ಓದಿ ಪರೀಕ್ಷೆ ಬರೆಯುತ್ತೇನೆನ್ನುವವನದು ಸಣ್ಣ ಕನಸಲ್ಲ.

ಸಂಶೋಧಕರು ಎಚ್ಚರ ವಹಿಸಬೇಕಾದ ಜಾಗವೂ ಇಲ್ಲೇ ಇದೆ. ನಮಗೆ ಕೇಳಿಸುವುದು ಕಾಲೇಜಿನ ತನಕ ಬಂದವರ ದನಿ. ಹತ್ತನೆಯ ತರಗತಿಗೆ ನಿಂತು ಅಂಚೇಪಾಳ್ಯದಲ್ಲೋ ಪೀಣ್ಯದಲ್ಲೋ ಪಾಳಿ ಕೆಲಸ ಮಾಡುವವನನ್ನು, ಮನೆಯ ಗಲಾಟೆಯಿಂದ ಪಾರಾಗಲೆಂದು ಹದಿನೆಂಟಕ್ಕೇ ಮದುವೆ ಮಾಡಿಕೊಟ್ಟ ಹುಡುಗಿಯನ್ನು ತರಗತಿಯ ಪ್ರಶ್ನಾವಳಿ ಮುಟ್ಟುವುದಿಲ್ಲ. ತರಗತಿಯಿಂದ ಮಾತ್ರ ಮಾದರಿ ಆರಿಸಿದ ಅಧ್ಯಯನ, ನೋವು ಮನುಷ್ಯನನ್ನು ಬೆಳೆಸುತ್ತದೆ ಎಂಬ ತೀರ್ಮಾನಕ್ಕೇ ಬಂದು ನಿಲ್ಲುತ್ತದೆ. ಹೀಗೆ ಕಾಲೇಜಿನ ಹೊರಗೆ ಉಳಿದವರಿಗೂ ದಾರಿ ಬೇಕು. ಸಾಮಾಜಿಕ ನ್ಯಾಯ ಸಚಿವಾಲಯದ ನೆರವಿನ ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳಲ್ಲಿ ಚಟ ಬಿಟ್ಟವರೇ ಪೀರ್ ಎಜುಕೇಟರ್ ಆಗಿ ಸಂಬಳದ ಮೇಲೆ ದುಡಿಯುವ ಹುದ್ದೆ ಉಂಟು. ಅನುಭವವನ್ನೇ ಅರ್ಹತೆಯೆಂದು ಒಪ್ಪುವ ಈ ತತ್ತ್ವವನ್ನು ಮನೆಯವರಿಗೂ ವಿಸ್ತರಿಸಬಹುದೇ? ವ್ಯಸನಿಯ ಹೆಂಡತಿಗೆ, ಓದು ಬಿಟ್ಟ ಮಗಳಿಗೆ ಕಿರು ಅವಧಿಯ ತರಬೇತಿ ಕೊಟ್ಟು ತಾಲ್ಲೂಕು ಮಟ್ಟದಲ್ಲಿ ಕೆಲಸ ಕೊಡಬಹುದೇ?

ಮಾಹಿತಿ ಸಂಗ್ರಹದ ನೀತಿಯ ಬಗ್ಗೆ ಇನ್ನೊಂದು ಮಾತು. ಪ್ರವೇಶದ ಸಂದರ್ಶನದಲ್ಲಿ ಈ ಕ್ಷೇತ್ರವನ್ನೇ ಏಕೆ ಆರಿಸಿದಿರಿ ಎಂದು ಕೇಳಿದಾಗ ವಿದ್ಯಾರ್ಥಿ ಅಪ್ಪನ ಕಥೆ ಹೇಳಿದರೆ ಅಂಕ ಹೆಚ್ಚು ಸಿಗುತ್ತದೆ ಎಂಬ ವಾತಾವರಣ ಬೆಳೆಯಬಾರದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕೆಂದು ಗುರುತಿಸಿ ಅದನ್ನು ಕಾಯುವ ಹೊಣೆಯನ್ನು ಚಿಕಿತ್ಸಕರ ಮೇಲೆ ಹೊರಿಸಿದೆ. ಅಧ್ಯಾಪಕರ ಮೇಲೆ ಕಾನೂನಿನ ಹೊಣೆ ಇಲ್ಲದಿರಬಹುದು, ಆದರೆ ಆ ಅಪ್ಪ ಇನ್ನೂ ಅದೇ ಊರಿನಲ್ಲಿ ಬದುಕುತ್ತಿದ್ದಾನೆ, ಅದೇ ಬಸ್ಸಿನಲ್ಲಿ ಓಡಾಡುತ್ತಾನೆ. ಗುಬ್ಬಿಯಂಥ ಊರಿನಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಹಳ್ಳಿ, ಕಸುಬು, ಮಕ್ಕಳ ಸಂಖ್ಯೆ ಇಷ್ಟು ಕೊಟ್ಟರೆ ಓದಿದವರು ಮನೆ ತೋರಿಸುತ್ತಾರೆ.

ಮುಂದಿನ ಕ್ಷೇತ್ರಕಾರ್ಯಕ್ಕೆ ನಾನು ಸೂಚಿಸುವುದು ಹೀಗೆ. ಮಾದರಿಯನ್ನು ಕಾಲೇಜಿನಿಂದಷ್ಟೇ ಆರಿಸದೆ, ಎಸ್‌ಎಸ್‌ಎಲ್‌ಸಿ ಹಾಜರಿ ಪುಸ್ತಕದಿಂದ ಆರಂಭಿಸಿ ಓದು ಬಿಟ್ಟವರನ್ನೂ ಹುಡುಕಿ ಸೇರಿಸಬೇಕು. ತುಮಕೂರು ನಗರ, ಗುಬ್ಬಿ, ಕುಣಿಗಲ್ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ನಗರದ ಮಗುವಿಗೆ ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜುಗಳೂ ನಡೆದು ಹೋಗುವ ದೂರದಲ್ಲಿವೆ, ಹಳ್ಳಿಯ ಮಗುವಿಗಿಲ್ಲ. ಅಪ್ಪ ಎಷ್ಟು ಕುಡಿಯುತ್ತಿದ್ದರು ಎಂಬ ಪ್ರಶ್ನೆಯಿಂದ ಸಂದರ್ಶನ ಶುರುವಾಗಬಾರದು. ಆ ದಿನಗಳಲ್ಲಿ ನೀವು ಮನೆಯಲ್ಲಿ ಏನೇನು ಕೆಲಸ ಮಾಡುತ್ತಿದ್ದಿರಿ, ಮನೆಗೆ ಯಾರು ಬಂದರು, ಅವರು ಬಂದಾಗ ಏನು ಮಾಡಿದರು, ಯಾರು ಬರಲೇ ಇಲ್ಲ ಎಂದು ಕೇಳಬೇಕು. ನೀವು ಏನಾಗಬೇಕೆಂದಿದ್ದೀರಿ ಎಂಬ ಪ್ರಶ್ನೆ ಅದಾದ ಮೇಲೆ ಬರಲಿ.